ಎಲ್ಲಿ ಹಿಡಿಯಬೇಕು, ಎಲ್ಲಿ ಜಾರಬೇಕು: ಮನೆಯಲ್ಲೂ ರಸ್ತೆಯಲ್ಲೂ ಘರ್ಷಣೆಯನ್ನು ಅಳೆದು ಬಳಸುವ ಬಗೆ

ಬೇಸಿಗೆಯ ಕೊನೆಗೆ ಬೆಂಗಳೂರಿನಲ್ಲಿ ಮೊದಲ ಮಳೆ ಬಿದ್ದ ಸಂಜೆ ಸ್ಕೂಟರುಗಳು ಜಾರಿ ಬೀಳುತ್ತವೆ. ಅದೇ ಮಳೆ ನಾಲ್ಕು ವಾರ ಮುಂದುವರಿದರೆ ಮನೆಯ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ತಳ್ಳಿದರೂ ತೆರೆಯುವುದಿಲ್ಲ. ಒಂದು ಕಡೆ ಘರ್ಷಣೆ ಸಾಲದೆ ಹೋಯಿತು, ಇನ್ನೊಂದು ಕಡೆ ಹೆಚ್ಚಾಯಿತು. ಎರಡೂ ಕಡೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಇಲ್ಲಿ ತಾಗುತ್ತಿರುವ ಎರಡು ಮೈ ಯಾವುವು, ಅವುಗಳ ನಡುವೆ ಏನು ಸೇರಿಕೊಂಡಿದೆ? ಇದನ್ನು ಕೇಳದೆ ಸಿಕ್ಕ ಕಡೆಗೆಲ್ಲ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಬಾಗಿಲು ತಿರುಗುವ ಕೀಲಿಗೆ (ಹಿಂಜಿಗೆ) ಎಣ್ಣೆ ಸರಿ. ಅದೇ ಎಣ್ಣೆಯ ನಾಲ್ಕು ಹನಿ ಬ್ರೇಕ್ ಡಿಸ್ಕಿಗೆ ಸಿಡಿದರೆ ಪ್ರಾಣಕ್ಕೆ ಕುತ್ತು.

ಮೊದಲು ಅಳೆಯುವುದನ್ನು ಕಲಿಯೋಣ. ಘರ್ಷಣೆಯನ್ನು ಒಮ್ಮೆ ಕೈಯಾರೆ ಅಳೆದವರಿಗೆ ಮುಂದಿನದೆಲ್ಲ ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

ಒಂದು ಹಲಗೆ, ಒಂದು ಟೇಪು

ಬೇಕಾದ್ದು ಒಂದು ಮೀಟರ್ ಉದ್ದದ ನೇರ ಹಲಗೆ (ಹಳೆಯ ಶೆಲ್ಫಿನ ಹಲಗೆ ಸಾಕು), ಅಳತೆ ಟೇಪು, ಒಂದು ರಬ್ಬರ್ ಚಪ್ಪಲಿ, ಅಕ್ಕಿ ತುಂಬಿದ ಸಣ್ಣ ಸ್ಟೀಲ್ ಡಬ್ಬಿ, ಒದ್ದೆ ಬಟ್ಟೆ.

ಹಲಗೆಯನ್ನು ಒಣಬಟ್ಟೆಯಿಂದ ಒರೆಸಿ ಮಟ್ಟಸವಾದ ನೆಲದ ಮೇಲಿಡಿ. ಒಂದು ತುದಿ ಹಿಂದಕ್ಕೆ ಸರಿಯದಂತೆ ಗೋಡೆಗೆ ಒತ್ತಿಕೊಂಡಿರಲಿ. ಇನ್ನೊಂದು ತುದಿಯ ಹತ್ತಿರ ಚಪ್ಪಲಿ ಇಟ್ಟು ಆ ತುದಿಯನ್ನು ನಿಧಾನವಾಗಿ, ಜರ್ಕು ಕೊಡದೆ ಮೇಲೆತ್ತಿ. ಚಪ್ಪಲಿ ಜಾರಲು ತೊಡಗಿದ ಕ್ಷಣ ಕೈ ನಿಲ್ಲಿಸಿ. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಆ ತುದಿಯಿಂದ ನೇರ ಕೆಳಗೆ ನೆಲದ ಮೇಲೊಂದು ಗುರುತು ಮಾಡಿ, ಗೋಡೆಯ ಬಳಿಯ ತುದಿಯಿಂದ ಗುರುತಿನವರೆಗಿನ ದೂರವನ್ನೂ ಅಳೆಯಿರಿ. ಎತ್ತರವನ್ನು ಈ ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾ ಗುಣಾಂಕ, ಅಂದರೆ ಮಟ್ಟಸ ನೆಲದಲ್ಲಿ ವಸ್ತುವನ್ನು ಜಾರಿಸಲು ಅದರ ಭಾರದ ಎಷ್ಟು ಪಾಲು ಬಲ ಬೇಕು ಎಂಬ ಅಂಕಿ. ಎತ್ತರ 50 ಸೆಂ.ಮೀ., ನೆಲದ ದೂರ 87 ಸೆಂ.ಮೀ. ಇದ್ದರೆ ಗುಣಾಂಕ 0.57ರ ಆಸುಪಾಸು. ಮೊಬೈಲಿನ ಮಟ್ಟ ನೋಡುವ ಆ್ಯಪ್‌ನಲ್ಲಿ ಕೋನವನ್ನೇ ಓದಿಕೊಳ್ಳುವುದಾದರೆ 10 ಡಿಗ್ರಿಗೆ 0.18, 20 ಡಿಗ್ರಿಗೆ 0.36, 30 ಡಿಗ್ರಿಗೆ 0.58, 40 ಡಿಗ್ರಿಗೆ 0.84 ಎಂದು ಲೆಕ್ಕ ಹಿಡಿಯಿರಿ.

ಐದು ಸಲ ಮಾಡಿ ನಡುವಿನ ಅಂಕಿಯನ್ನು ಇಟ್ಟುಕೊಳ್ಳಿ. ಐದೂ ಒಂದೇ ಬರುವುದಿಲ್ಲ. ಘರ್ಷಣೆಯ ಸ್ವಭಾವವೇ ಹಾಗೆ, ಧೂಳಿನ ಒಂದು ಕಣವೂ ಅಂಕಿಯನ್ನು ಅಲುಗಾಡಿಸುತ್ತದೆ.

ಹೆಚ್ಚಿನವರು ತಪ್ಪುವುದು ಭಾಗಿಸುವಲ್ಲಿ. ನೆಲದ ದೂರದ ಬದಲು ಹಲಗೆಯ ಉದ್ದದಿಂದ ಭಾಗಿಸಿಬಿಡುತ್ತಾರೆ, ಆಗ ಗುಣಾಂಕ ನಿಜಕ್ಕಿಂತ ಕಡಿಮೆ ಬರುತ್ತದೆ. ಎತ್ತರದ ಡಬ್ಬಿ ಇಟ್ಟರೆ ಜಾರುವ ಮೊದಲೇ ಮಗುಚಬಹುದು. ಅದು ಘರ್ಷಣೆಯ ಅಳತೆಯಲ್ಲ, ಗಿಡ್ಡ ಡಬ್ಬಿ ಬಳಸಿ. ಹಲಗೆಯ ಮೇಲೆ ಹಳೆಯ ಸ್ಟಿಕ್ಕರಿನ ಅಂಟಿದ್ದರೂ ಲೆಕ್ಕ ಕೆಡುತ್ತದೆ.

ಈಗ ಡಬ್ಬಿಯ ಸರದಿ. ಅರ್ಧ ಅಕ್ಕಿ ಇದ್ದಾಗ ಎಷ್ಟು ಡಿಗ್ರಿಗೆ ಜಾರಿತೋ ಪೂರ್ತಿ ತುಂಬಿದಾಗಲೂ ಹೆಚ್ಚುಕಡಿಮೆ ಅಷ್ಟಕ್ಕೇ ಜಾರುತ್ತದೆ. ಭಾರ ಹೆಚ್ಚಿದಂತೆ ಕೆಳಕ್ಕೆಳೆಯುವ ಬಲವೂ ಹಿಡಿದಿಡುವ ಘರ್ಷಣೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದೇ ಕಾರಣ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೋ ಈ ನಿಯಮವನ್ನು ಪ್ರಕಟಿಸಿದ. ಅವನಿಗಿಂತ ಇನ್ನೂರು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ, ಆದರೆ ಹೊರಗೆ ಬರಲಿಲ್ಲ. ಒಂದು ಇಟ್ಟಿಗೆ ಸಿಕ್ಕರೆ ಮಲಗಿಸಿಯೂ ಬದಿಗೆ ನಿಲ್ಲಿಸಿಯೂ ನೋಡಿ. ತಾಗುವ ಜಾಗ ಕಡಿಮೆಯಾದರೂ ಕೋನ ಹೆಚ್ಚೇನೂ ಬದಲಾಗದು. ಕಣ್ಣಿಗೆ ಕಾಣುವ ಜಾಗವೆಲ್ಲ ನಿಜವಾಗಿ ತಾಗುತ್ತಿರುವುದಿಲ್ಲ. ಸೂಕ್ಷ್ಮ ಉಬ್ಬುಗಳ ತುದಿಗಳಷ್ಟೇ ತಾಗುತ್ತವೆ, ಭಾರ ಹೆಚ್ಚಿದಂತೆ ಆ ತುದಿಗಳು ಅದುಮಿಕೊಂಡು ಹೆಚ್ಚು ತಾಗುತ್ತವೆ.

ರಬ್ಬರು ಮಾತ್ರ ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು ಮೆತ್ತಗೆ ಬಾಗಿ ಎದುರಿನ ಮೈಯ ಉಬ್ಬುತಗ್ಗುಗಳೊಳಗೆ ಇಳಿಯುತ್ತದೆ. ಹಾಗಾಗಿ ಅಗಲ, ಒತ್ತಡ, ಬಿಸಿ ಎಲ್ಲವೂ ಟೈರಿನ ಹಿಡಿತದ ಮೇಲೆ ಪರಿಣಾಮ ಬೀರುತ್ತವೆ.

ಕೊನೆಗೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಚಪ್ಪಲಿಯನ್ನು ಮತ್ತೆ ಇಡಿ, ಆಮೇಲೆ ಎರಡು ಹನಿ ಸೋಪಿನ ನೀರು ಸವರಿ ಇನ್ನೊಮ್ಮೆ. ಕೋನ ಎಷ್ಟು ಬೀಳುತ್ತದೆ ಎಂದು ಮಕ್ಕಳಿಗೂ ತೋರಿಸಿ. ಹಲಗೆ ಅದೇ, ಚಪ್ಪಲಿ ಅದೇ, ಬದಲಾದದ್ದು ನಡುವಿನ ಪದರವೊಂದೇ.

ಇನ್ನೊಂದು ವಿಷಯವೂ ಈ ಹಲಗೆಯ ಮೇಲೆಯೇ ಕಾಣುತ್ತದೆ. ಡಬ್ಬಿ ಒಮ್ಮೆ ಜಾರಲು ಶುರುಮಾಡಿದರೆ ಅದೇ ಕೋನದಲ್ಲಿ ನಿಲ್ಲುವುದಿಲ್ಲ, ವೇಗ ಪಡೆಯುತ್ತಲೇ ಹೋಗುತ್ತದೆ. ನಿಂತ ವಸ್ತುವನ್ನು ಹಿಡಿದಿಡುವ ಸ್ಥಾಯಿ ಘರ್ಷಣೆಯ ಮಿತಿ ಹೆಚ್ಚು, ಜಾರುವಾಗಿನ ಘರ್ಷಣೆ ಕಡಿಮೆ. ಬ್ರೇಕಿನ ವಿದ್ಯೆಯೆಲ್ಲ ಈ ವ್ಯತ್ಯಾಸದಲ್ಲಿದೆ.

ಸ್ಕೂಟರು, ಟೈರು, ಮೊದಲ ಮಳೆ

ಉರುಳುತ್ತಿರುವ ಚಕ್ರದ ಯಾವ ಭಾಗ ರಸ್ತೆಗೆ ತಾಗಿದೆಯೋ ಅದು ಆ ಕ್ಷಣಕ್ಕೆ ರಸ್ತೆಯ ಮೇಲೆ ನಿಂತೇ ಇರುತ್ತದೆ. ಅಲ್ಲಿರುವುದು ಸ್ಥಾಯಿ ಘರ್ಷಣೆ. ಬ್ರೇಕ್ ಬಿಗಿ ಹಿಡಿದು ಚಕ್ರ ಲಾಕ್ ಆಯಿತೆಂದರೆ, ಅಂದರೆ ಉರುಳುವುದನ್ನೇ ನಿಲ್ಲಿಸಿತೆಂದರೆ, ಅದು ಜಾರು ಘರ್ಷಣೆಗೆ ಇಳಿಯುತ್ತದೆ. ನಿಲ್ಲುವ ದೂರ ಹೆಚ್ಚುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಎಬಿಎಸ್ ಚಕ್ರ ಲಾಕ್ ಆಗದಂತೆ ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ 125 ಸಿಸಿಗಿಂತ ಹೆಚ್ಚಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣ ಗಾಡಿಗಳಿಗೆ ಒಂದು ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವ ಸಿಬಿಎಸ್ ಸಾಕೆಂದಾಯಿತು. ಸಿಬಿಎಸ್ ಬ್ರೇಕನ್ನು ಹಂಚುತ್ತದೆ ಅಷ್ಟೆ, ಚಕ್ರ ಲಾಕ್ ಆಗುವುದನ್ನು ತಡೆಯುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಮಳೆಯಲ್ಲಿ ಧೈರ್ಯ ಮಾಡುವವರು ಬಹಳ.

ಅಂಕಿ ನೋಡಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ಗುಣಾಂಕ 0.7ರಷ್ಟು ಹಿಡಿಯೋಣ, ಒದ್ದೆಯಲ್ಲಿ 0.4, ಎಣ್ಣೆ ಕೆಸರಿನ ಪದರದ ಮೇಲೆ 0.2. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಕ್ರಮವಾಗಿ 9 ಮೀಟರ್, 16 ಮೀಟರ್, 31 ಮೀಟರ್. ಬ್ರೇಕ್ ಹಿಡಿಯಬೇಕೆಂದು ತಲೆಗೆ ಹೊಳೆದು ಕೈ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋದರೂ ಇನ್ನೂ 11 ಮೀಟರ್ ಸೇರಿಸಿ. ಮುಂದಿನ ಬಿಎಂಟಿಸಿ ಬಸ್ಸಿನ ಹಿಂದೆ ಒಣ ರಸ್ತೆಯಲ್ಲಿ ಬಿಡುತ್ತಿದ್ದ ಅಂತರ ಮಳೆಯಲ್ಲಿ ಯಾಕೆ ಸಾಲದು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಮೊದಲ ಮಳೆ ಯಾಕೆ ಹೆಚ್ಚು ಅಪಾಯ? ತಿಂಗಳುಗಟ್ಟಲೆ ರಸ್ತೆಯ ರಂಧ್ರಗಳಲ್ಲಿ ಕೂತ ಎಂಜಿನ್ ಆಯಿಲ್, ಡೀಸೆಲ್, ಟೈರಿನ ಪುಡಿ, ಧೂಳು ಎಲ್ಲವನ್ನೂ ತುಂತುರು ನೀರು ಮೇಲಕ್ಕೆತ್ತಿ ತೆಳುವಾದ ಲೇಪ ಮಾಡುತ್ತದೆ. ಜೋರು ಮಳೆ ಸುರಿದು ತೊಳೆದ ಮೇಲೆ ರಸ್ತೆ ಒದ್ದೆಯಾಗಿದ್ದರೂ ಹಿಡಿತ ಸುಧಾರಿಸುತ್ತದೆ. ಆದ್ದರಿಂದ ಮಳೆ ಶುರುವಾದ ಕೂಡಲೇ ಮನೆ ಸೇರುವ ಆತುರಕ್ಕೆ ಬಿದ್ದು ವೇಗ ಹೆಚ್ಚಿಸಬೇಡಿ. ಅಂಗಡಿಯ ಸಜ್ಜದ ಕೆಳಗೆ ಅರ್ಧ ಗಂಟೆ ನಿಂತು ಹೊರಡುವುದೇ ಮೇಲು. ಫ್ಲೈಓವರ್ ಕೆಳಗೆ ರಸ್ತೆಯಲ್ಲೇ ಗುಂಪುಗಟ್ಟಿ ನಿಲ್ಲುವುದು ಬೇರೆಯೇ ಅಪಾಯ, ಅದು ಬೇಡ.

ಒದ್ದೆ ರಸ್ತೆಯಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಫ್ಲೈಓವರಿನ ಕಬ್ಬಿಣದ ಜಾಯಿಂಟ್‌ಗಳು, ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಕ್ರಾಸಿಂಗಿನ ದಪ್ಪ ಬಣ್ಣ ಇವು ಡಾಂಬರಿಗಿಂತ ಬಹಳ ನುಣುಪು. ಇವುಗಳ ಮೇಲೆ ಗಾಡಿ ನೆಟ್ಟಗಿರಲಿ, ಬ್ರೇಕೂ ಬೇಡ, ಆಕ್ಸಿಲರೇಟರ್ ತಿರುಚುವುದೂ ಬೇಡ. ಜಯನಗರ, ಬಸವನಗುಡಿಯಂಥ ಮರಗಳ ಬಡಾವಣೆಗಳಲ್ಲಿ ಉದುರಿದ ಹೂವು ಮಳೆಗೆ ನೆನೆದು ಚಕ್ರದಡಿ ಅರೆದು ಲೋಳೆಯಾಗುತ್ತದೆ. ಬಿದ್ದ ಹೂವಿನ ಹಾಸು ಚೆಂದ, ಅದರ ಮೇಲೆ ತಿರುವು ಮಾತ್ರ ಬೇಡ. ಮನೆ ಕಟ್ಟುವ ಜಾಗದೆದುರು ಚೆಲ್ಲಿದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಒಣಗಿದ್ದರೂ ಅಪಾಯ: ಸಡಿಲ ಕಣಗಳು ಟೈರು ಮತ್ತು ರಸ್ತೆಯ ನಡುವೆ ಗೋಲಿಯಂತೆ ಉರುಳುತ್ತವೆ.

ತಿರುವಿಗೊಂದು ಲೆಕ್ಕ. ಟೈರಿನ ಹಿಡಿತ ಒಂದೇ ಖಾತೆಯ ಹಣವಿದ್ದಂತೆ, ಬ್ರೇಕಿಗೂ ಅದರಿಂದಲೇ, ತಿರುವಿಗೂ ಅದರಿಂದಲೇ ಖರ್ಚಾಗುತ್ತದೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗುಣಾಂಕ 0.7 ಇದ್ದರೆ ಗಂಟೆಗೆ 30 ಕಿ.ಮೀ. ತನಕ ಹಿಡಿತ ಇರುತ್ತದೆ, 0.3ಕ್ಕೆ ಇಳಿದರೆ 20 ಕಿ.ಮೀ. ಕೂಡ ಕಷ್ಟ. ತಿರುವಿನ ನಡುವೆ ಬ್ರೇಕ್ ಹಿಡಿದರೆ ಇಷ್ಟೂ ಉಳಿಯುವುದಿಲ್ಲ. ಬ್ರೇಕೆಲ್ಲ ತಿರುವಿಗೆ ಮೊದಲೇ ಮುಗಿಯಲಿ.

ಬ್ರೇಕ್ ಹಿಡಿಯುವ ಕ್ರಮ: ಆಕ್ಸಿಲರೇಟರ್ ಪೂರ್ತಿ ಬಿಡಿ, ಎರಡೂ ಲಿವರನ್ನು ಮೆಲ್ಲಗೆ ಒತ್ತಿ, ಭಾರ ಮುಂದಿನ ಚಕ್ರಕ್ಕೆ ವಾಲಿದ್ದು ಗೊತ್ತಾದ ಮೇಲೆ ಒತ್ತಡ ಹೆಚ್ಚಿಸಿ. ಭಾರ ಮುಂದಕ್ಕೆ ಬಂದಷ್ಟೂ ಮುಂದಿನ ಟೈರಿನ ಘರ್ಷಣೆ ಹೆಚ್ಚುತ್ತದೆ, ಹಿಂದಿನದು ಇಳಿಯುತ್ತದೆ. ಹಿಂದಿನ ಬ್ರೇಕೊಂದನ್ನೇ ನಂಬಿದವರ ಗಾಡಿ ಬಾಲ ಬೀಸುವುದು ಇದಕ್ಕೇ. ಮುಂದಿನ ಬ್ರೇಕನ್ನು ಗಾಬರಿಯಲ್ಲಿ ಗಬಕ್ಕನೆ ಹಿಡಿದರೆ ಭಾರ ವಾಲುವ ಮೊದಲೇ ಚಕ್ರ ಲಾಕ್ ಆಗುತ್ತದೆ. ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಗಂಟೆಗೆ 20 ಕಿ.ಮೀ. ವೇಗದಲ್ಲಿ ಇದನ್ನು ಹತ್ತು ಸಲ ಅಭ್ಯಾಸ ಮಾಡಿ.

ತಿಂಗಳಿಗೊಮ್ಮೆ ನೋಡಬೇಕಾದ್ದು ಹೆಚ್ಚಿಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ನೋಡಿ. ಒತ್ತಡ ಎಷ್ಟು ಪಿಎಸ್‌ಐ ಇರಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ, ಮುಂದಕ್ಕೂ ಹಿಂದಕ್ಕೂ ಬೇರೆ, ಇಬ್ಬರು ಕೂತರೆ ಮತ್ತೂ ಬೇರೆ. ಮೈಲೇಜಿಗೆಂದು ಹೆಚ್ಚು ತುಂಬಿಸಿದರೆ ರಬ್ಬರು ರಸ್ತೆಗೆ ತಾಗುವ ಜಾಗ ಕುಗ್ಗುತ್ತದೆ. ಕಡಿಮೆಯಾದರೆ ಟೈರು ಹೊಯ್ದಾಡಿ ಬಿಸಿಯಾಗುತ್ತದೆ. ಟೈರಿನ ಬದಿಯಲ್ಲಿ ಟಿಡಬ್ಲ್ಯುಐ ಎಂಬ ಗುರುತಿನ ನೇರಕ್ಕೆ ಟೈರಿನ ತೋಡುಗಳೊಳಗೆ ಸಣ್ಣ ದಿಬ್ಬಗಳಿವೆ. ರಸ್ತೆಗೆ ತಾಗುವ ಪಟ್ಟಿ (ಟ್ರೆಡ್) ಸವೆದು ಆ ದಿಬ್ಬಕ್ಕೆ ಸಮವಾದರೆ ಟೈರಿನ ಆಯಸ್ಸು ಮುಗಿಯಿತು. ಒಣ ರಸ್ತೆಯಲ್ಲಿ ಬೋಳು ಟೈರೂ ಹಿಡಿಯುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಪಟ್ಟಿಯ ಕೆಲಸ ನೀರನ್ನು ಹೊರಗೆ ಹಾಕಿ ರಬ್ಬರಿಗೆ ರಸ್ತೆ ಮುಟ್ಟಿಸುವುದು. ತಯಾರಾದ ದಿನ ತಿಳಿಯಲು ಬದಿಯ ನಾಲ್ಕು ಅಂಕಿ ಹುಡುಕಿ: 2324 ಎಂದಿದ್ದರೆ 2024ರ 23ನೇ ವಾರ. ಪಟ್ಟಿ ಚೆನ್ನಾಗಿದ್ದರೂ ಹಳೆಯ ರಬ್ಬರು ಗಟ್ಟಿಯಾಗಿ, ಬಿರುಕು ಬಿಟ್ಟು ಹಿಡಿತ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಹೊಸ ಟೈರು ಕೊಳ್ಳುವಾಗ ಬಿಲ್ಲು ಬರೆಸುವ ಮೊದಲು ಈ ಅಂಕಿ ನೋಡಿ. ಹಾಕಿಸಿದ ಮೇಲೆ ಮೊದಲ ನೂರು ಕಿ.ಮೀ. ಮೆಲ್ಲಗೆ ಹೋಗಿ, ಅಚ್ಚಿನಿಂದ ಬಂದ ನುಣುಪು ಸವೆಯಬೇಕು.

ವಾಟರ್ ವಾಶ್ ಮಾಡಿಸಿದ ದಿನ ವಿಶೇಷ ಎಚ್ಚರ. ಟೈರು ಮಿರಮಿರ ಮಿಂಚಲೆಂದು ಹಚ್ಚುವ ಪಾಲಿಶ್ ಬದಿಗೆ ಮಾತ್ರ ಇರಬೇಕು. ರಸ್ತೆಗೆ ತಾಗುವ ಮೈಗೆ ಬಿದ್ದರೆ ಮೊದಲ ತಿರುವಿನಲ್ಲೇ ಕೆಳಗೆ. "ಪಾಲಿಶ್ ಬೇಡ" ಎಂದು ಮುಂಚೆಯೇ ಹೇಳಿಬಿಡಿ. ಚೈನಿಗೆ ಆಯಿಲ್ ಸ್ಪ್ರೇ ಮಾಡುವಾಗ ಹಿಂದಿನ ಡಿಸ್ಕಿಗೆ ರಟ್ಟು ಅಡ್ಡ ಹಿಡಿಯಿರಿ. ಪ್ಯಾಡು ಎಣ್ಣೆ ಕುಡಿದರೆ ಮರಳು ಕಾಗದದಿಂದ ಉಜ್ಜಿ ಉಳಿಸುವ ಪ್ರಯತ್ನ ಬೇಡ, ಬದಲಾಯಿಸಿ. ನೀರು ನಿಂತ ಅಂಡರ್‌ಪಾಸ್ ದಾಟಿದ ಮೇಲೆ ಡ್ರಮ್ ಒಳಗೆ ನೀರಿದ್ದು ಬ್ರೇಕ್ ಹಿಡಿಯದಿರಬಹುದು. ಹಿಂದೆ ಗಾಡಿ ಇಲ್ಲದಿರುವುದನ್ನು ನೋಡಿಕೊಂಡು, ನಿಧಾನವಾಗಿ ಹೋಗುತ್ತಲೇ ಬ್ರೇಕನ್ನು ಮೆದುವಾಗಿ ಒತ್ತಿ ಒಣಗಿಸಿ.

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ಇಬ್ಬರು ಕೂತ ಸ್ಕೂಟರು, ಸುಮಾರು 230 ಕೆ.ಜಿ., 300 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದರ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗಿಯೇ ಹೊರಬೀಳಬೇಕು. ಉದ್ದಕ್ಕೂ ಬ್ರೇಕನ್ನು ಸವರಿಕೊಂಡೇ ಇಳಿದರೆ ಆರಲು ಬಿಡುವೇ ಸಿಗದೆ ಪ್ಯಾಡಿನ ಹಿಡಿತ ಕುಸಿಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಗೇರ್ ಬೈಕಾದರೆ ಎರಡನೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವುದು ಎಂಥ ಗಾಡಿಗೂ ಸಲ್ಲ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ.

ಬೀರು ಸರಿಸುವುದು, ಹಗ್ಗದಲ್ಲಿ ಇಳಿಸುವುದು

ಮನೆ ಬದಲಾಯಿಸುವಾಗ ಕಬ್ಬಿಣದ ಬೀರು ಸರಿಸಲು ಹೋಗಿ ಬೆನ್ನು ಹಿಡಿಸಿಕೊಳ್ಳುವವರು ಹಲವರು. 80 ಕೆ.ಜಿ. ಬೀರು, ನೆಲಕ್ಕೂ ಅದಕ್ಕೂ ಗುಣಾಂಕ 0.4 ಎಂದಿಟ್ಟುಕೊಂಡರೆ 32 ಕೆ.ಜಿ. ಭಾರದಷ್ಟು ಬಲದಿಂದ ತಳ್ಳಬೇಕು. ತಳ್ಳುವ ನಿಮ್ಮ ಕಾಲಿಗೂ ಅಷ್ಟೇ ಹಿಡಿತ ಬೇಕು ಎಂಬುದನ್ನು ಮರೆಯುತ್ತೇವೆ. 60 ಕೆ.ಜಿ. ತೂಕದವರು ರಬ್ಬರ್ ಅಡಿಯ ಬೂಟು ಹಾಕಿ ಗುಣಾಂಕ 0.7 ಸಿಕ್ಕರೆ 42 ಕೆ.ಜಿ.ಯಷ್ಟು ತಳ್ಳಬಹುದು. ಕಾಲುಚೀಲದಲ್ಲಿ ಟೈಲ್ಸ್ ಮೇಲೆ ನಿಂತರೆ 0.25ಕ್ಕೆ ಬರೀ 15 ಕೆ.ಜಿ., ಬೀರು ಕದಲದು, ನೀವು ಹಿಂದಕ್ಕೆ ಜಾರುತ್ತೀರಿ. ನೆಲಕ್ಕೆ ಸೋಪು ನೀರು ಹಾಕುವ ಉಪಾಯ ಕೈಕೊಡುವುದೂ ಇದಕ್ಕೇ: ಜಾರುವುದು ಇಬ್ಬರಿಗೂ ಸಮಾನ.

ಬೀರುವಿನ ಸಾಮಾನು ಪೂರ್ತಿ ತೆಗೆಯಿರಿ, ಬಾಗಿಲಿಗೆ ಬೀಗ ಹಾಕಿ. ಒಬ್ಬರು ಒಂದು ಬದಿಯನ್ನು ಎರಡು ಬೆರಳಷ್ಟು ವಾಲಿಸಿ ಹಿಡಿದಾಗ ಇನ್ನೊಬ್ಬರು ಮಡಚಿದ ಹಳೆಯ ಕಂಬಳಿಯನ್ನು ಅಡಿಗೆ ತೂರಿಸಲಿ, ಇನ್ನೊಂದು ಬದಿಗೂ ಹಾಗೆಯೇ. ತಳ್ಳುವ ಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೂ ಲೆಕ್ಕವಿದೆ. ತಳ್ಳುವ ದಿಕ್ಕಿನಲ್ಲಿ ಬೀರು ಎಷ್ಟು ಅಗಲವೋ ಅದನ್ನು ಗುಣಾಂಕದ ಎರಡರಷ್ಟರಿಂದ ಭಾಗಿಸಿ. 48 ಸೆಂ.ಮೀ. ಆಳ, ಗುಣಾಂಕ 0.4 ಆದರೆ 60 ಸೆಂ.ಮೀ. ಅದಕ್ಕಿಂತ ಮೇಲೆ ತಳ್ಳಿದರೆ ಜಾರುವ ಬದಲು ಮಗುಚುತ್ತದೆ. ಹಾಗಾಗಿ ಮೊಣಕಾಲಿನ ಮಟ್ಟದಲ್ಲಿ, ಸಾಧ್ಯವಾದರೆ ಅಗಲದ ದಿಕ್ಕಿಗೆ ತಳ್ಳಿ. ಒಮ್ಮೆ ಕದಲಿದ ಮೇಲೆ ನಿಲ್ಲಿಸದೆ ಒಂದೇ ಓಟದಲ್ಲಿ ಒಯ್ಯಿರಿ, ನಿಂತರೆ ಮತ್ತೆ ಸ್ಥಾಯಿ ಘರ್ಷಣೆಯ ಜೊತೆ ಗುದ್ದಾಡಬೇಕು.

ಕಿರಿದಾದ ಮೆಟ್ಟಿಲಿನಲ್ಲಿ ಹಿಡಿಸದ ಮಂಚವನ್ನು ಎರಡನೇ ಮಹಡಿಯಿಂದ ಹಗ್ಗದಲ್ಲಿ ಇಳಿಸುವಾಗ ಘರ್ಷಣೆ ನಿಮ್ಮ ಪರವಾಗಿ ದುಡಿಯುತ್ತದೆ. ಹಗ್ಗವನ್ನು ಬರಿಗೈಯಲ್ಲಿ ಹಿಡಿಯುವ ಬದಲು ಕಂಬಕ್ಕೆ ಸುತ್ತಿ ಬಿಡಿ. ಗುಣಾಂಕ 0.3 ಇದ್ದರೆ ಒಂದು ಸುತ್ತಿಗೆ ಭಾರ ಆರೂವರೆ ಪಟ್ಟು ಇಳಿಯುತ್ತದೆ, 40 ಕೆ.ಜಿ.ಯನ್ನು ಸುಮಾರು 6 ಕೆ.ಜಿ. ಬಲದಿಂದ ತಡೆಯಬಹುದು. ಎರಡು ಸುತ್ತಿಗೆ 43 ಪಟ್ಟು: ಒಂದು ಕೆ.ಜಿ. ಸಾಕು. ಪ್ರತಿ ಸುತ್ತೂ ಹಿಂದಿನದಕ್ಕೆ ಕೂಡುವುದಿಲ್ಲ, ಗುಣಿಸುತ್ತದೆ. ಗುಣಾಂಕ 0.2ಕ್ಕೆ ಇಳಿದರೆ ಮಾತ್ರ ಒಂದು ಸುತ್ತಿಗೆ ಮೂರೂವರೆ ಪಟ್ಟಷ್ಟೇ. ಆದ್ದರಿಂದ ನುಣುಪು ನೈಲಾನ್ ಹಗ್ಗ, ಒದ್ದೆ ಹಗ್ಗ ಬೇಡ. ನೈಲಾನ್ ಉಜ್ಜಿದ ಬಿಸಿಗೆ ಕರಗಲೂಬಹುದು. ದಪ್ಪ ಹತ್ತಿ ಹಗ್ಗ ಅಥವಾ ಗಟ್ಟಿ ತೆಂಗಿನ ನಾರಿನ ಹಗ್ಗ ಒಳ್ಳೆಯದು. ಬಾಲ್ಕನಿಯ ಗ್ರಿಲ್ಲಿಗೆ ಸುತ್ತಬೇಡಿ, ಅದರ ವೆಲ್ಡಿಂಗನ್ನು ನಂಬುವಂತಿಲ್ಲ. ಕಾಂಕ್ರೀಟ್ ಕಂಬವೇ ಆಗಬೇಕು, ಮೂಲೆಗಳಿಗೆ ಗೋಣಿಚೀಲ ಕಟ್ಟಿ. ಸುತ್ತುಗಳು ಒಂದರ ಮೇಲೊಂದು ಏರಿದರೆ ಹಗ್ಗ ಸಿಕ್ಕಿಕೊಳ್ಳುತ್ತದೆ, ಪಕ್ಕಪಕ್ಕ ಇರಲಿ. ಕೈಗೆ ಚರ್ಮದ ಗ್ಲೌಸ್, ಕೆಳಗೆ ಯಾರೂ ಇಲ್ಲ ಎಂಬುದು ಖಾತ್ರಿ. ಎರಡೂ ಇಲ್ಲದೆ ಶುರುಮಾಡಬೇಡಿ.

ಬಚ್ಚಲುಮನೆ

ಇಲ್ಲಿ ಎರಡು ಮೈ ಟೈಲ್ಸ್ ಮತ್ತು ಅಂಗಾಲು, ನಡುವೆ ನೀರಿಗಿಂತ ಹೆಚ್ಚಾಗಿ ಸೋಪಿನ ಜಿಡ್ಡು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗದೆ ಬಿಳಿ ಪದರವಾಗಿ ನೆಲಕ್ಕೆ ಕೂರುತ್ತದೆ. ವಾರಕ್ಕೊಮ್ಮೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಸುರಿದು, ಹತ್ತು ನಿಮಿಷ ಬಿಟ್ಟು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಕಡಪ ಕಲ್ಲು, ಮಾರ್ಬಲ್ ಇದ್ದರೆ ಆಸಿಡ್ ಬೇಡವೇ ಬೇಡ, ಎರಡೂ ಸುಣ್ಣದ ಅಂಶದ ಕಲ್ಲು, ಕರಗುತ್ತವೆ. ಅಲ್ಲಿ ಪಾತ್ರೆ ತೊಳೆಯುವ ದ್ರವ ಸಾಕು. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ವಿಷಗಾಳಿ ಏಳುತ್ತದೆ.

ಹೊಸ ಟೈಲ್ಸ್ ಆರಿಸುವಾಗ ಅಂಗಡಿಯವರು "ಆಂಟಿ ಸ್ಕಿಡ್" ಎಂದರೆ ಆರ್ ಸಂಖ್ಯೆ ಕೇಳಿ. ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ಹಾಕಿದ ಮನುಷ್ಯನನ್ನು ನಡೆಸಿ, ಎಷ್ಟು ಡಿಗ್ರಿಗೆ ಜಾರುತ್ತಾನೆಂದು ನೋಡಿ ಕೊಡುವ ಸಂಖ್ಯೆ ಅದು. ಅಂದರೆ ನೀವು ಮಾಡಿದ ಹಲಗೆಯ ಪರೀಕ್ಷೆಯೇ. ಆರ್9ಕ್ಕೆ 6ರಿಂದ 10 ಡಿಗ್ರಿ, ಆರ್10ಕ್ಕೆ 10ರಿಂದ 19, ಆರ್11ಕ್ಕೆ 19ರಿಂದ 27. ವಯಸ್ಸಾದವರಿರುವ ಮನೆಯ ಬಚ್ಚಲಿಗೆ ಆರ್11 ಹಾಕಿಸಿ. ತಿಕ್ಕುವ ಕೆಲಸ ಸ್ವಲ್ಪ ಹೆಚ್ಚುತ್ತದೆ, ಸೊಂಟದ ಮೂಳೆ ಉಳಿಯುತ್ತದೆ.

ಬಾಗಿಲು, ಗ್ರೈಂಡರ್, ಬೀಗ

ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಬಾಗಿಲಿನ ಅಂಚಿಗೆಲ್ಲ ಬಣ್ಣದ ಸೀಮೆಸುಣ್ಣ ತಿಕ್ಕಿ ಒಮ್ಮೆ ಮುಚ್ಚಿ ತೆರೆಯಿರಿ. ಚೌಕಟ್ಟಿನ ಮೇಲೆ ಬಣ್ಣ ಅಂಟಿದ ಕಡೆ ಮಾತ್ರ ತಾಗುತ್ತಿದೆ. ಅಲ್ಲಷ್ಟೇ 80 ನಂಬರಿನ ಮರಳು ಕಾಗದದಿಂದ ಉಜ್ಜಿ, ಮೇಣದ ಬತ್ತಿ ತಿಕ್ಕಿ. ಹೆಚ್ಚು ಹೆರೆಸಿದರೆ ಜನವರಿಯ ಒಣಹವೆಗೆ ಬೆಳಕು ಕಾಣುವಷ್ಟು ಸಂದು ಬೀಳುತ್ತದೆ. ಕಿರುಗುಡುವ ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು, ಹತ್ತು ಸಲ ಆಡಿಸಿ, ಹೊರಬಂದ ಕಪ್ಪನ್ನು ಒರೆಸಿ.

ಗ್ರೈಂಡರ್ ಉದ್ದಿನ ಹಿಟ್ಟು ಗಟ್ಟಿಯಾದಾಗ ಕೀಚಲು ಸದ್ದು ಮಾಡಿ ನಿಧಾನವಾದರೆ ಬೆಲ್ಟ್ ಜಾರುತ್ತಿದೆ. ಅಲ್ಲಿಗೆ ಎಣ್ಣೆ ಬಿಟ್ಟರೆ ಪೂರ್ತಿ ನಿಲ್ಲುತ್ತದೆ, ಬೆಲ್ಟ್ ದುಡಿಯುವುದೇ ಘರ್ಷಣೆಯಿಂದ. ಪ್ಲಗ್ ತೆಗೆದು ನೋಡಿ: ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಾಯಿಸಿ, ಬರೀ ಸಡಿಲವಾಗಿದ್ದರೆ ಮೋಟಾರಿನ ಬೋಲ್ಟ್ ಸಡಿಲಿಸಿ ಬಿಗಿ ಮಾಡಿಸಿ.

ಬೀಗದೊಳಗೆ ಕೀಲಿಕೈ ಕಷ್ಟಪಟ್ಟು ತಿರುಗುತ್ತಿದ್ದರೆ ಎಣ್ಣೆ ತಾತ್ಕಾಲಿಕ, ಕೆಲವೇ ತಿಂಗಳಲ್ಲಿ ಧೂಳು ಕಟ್ಟಿ ಮೊದಲಿಗಿಂತ ಬಿಗಿಯಾಗುತ್ತದೆ. ಮೆತ್ತನೆಯ ಪೆನ್ಸಿಲ್, 4ಬಿ ಅಥವಾ 6ಬಿ, ತಂದು ಕೀಲಿಕೈಯ ಎರಡೂ ಬದಿಗೆ, ಹಲ್ಲುಗಳ ಸಂದಿಗೂ ದಟ್ಟವಾಗಿ ಗೀಚಿ. ಪೆನ್ಸಿಲಿನ ಗ್ರಾಫೈಟ್ ಪದರಪದರವಾಗಿದ್ದು ಒಂದರ ಮೇಲೊಂದು ಸುಲಭವಾಗಿ ಜಾರುತ್ತದೆ, ಒಣಪುಡಿಯಾದ್ದರಿಂದ ಧೂಳು ಹಿಡಿದಿಡುವುದಿಲ್ಲ. ಕೀಲಿಕೈಯನ್ನು ತೂರಿಸಿ ಹೊರತೆಗೆದು, ಮತ್ತೆ ಗೀಚಿ, ಐದಾರು ಸಲ ಮಾಡಿ. ಆಮೇಲೆ ಕೀಲಿಕೈ ಒರೆಸಿ ಜೇಬಿಗಿಡಿ, ಇಲ್ಲದಿದ್ದರೆ ಅಂಗಿಗೆ ಕಪ್ಪಾಗುತ್ತದೆ.